ರಕ್ತದಲ್ಲಿರುವ ಪೂರಕಗಳು

ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದವರು ಬಲ್ಲರು: ಕಿರೀಟದ ಪೆಟ್ಟಿಗೆ ಮಂಡ್ಯದ ಖಜಾನೆಯಿಂದ ಕಾವಲಿನೊಡನೆ ಬೆಟ್ಟವನ್ನೇರುವುದು. ಕಿರೀಟಕ್ಕೆ ಹಗಲ ಬೆಳಕು ಸೋಕಬಾರದೆಂಬುದು ಸಂಪ್ರದಾಯ. ಇರುಳಿನಲ್ಲಿ ಚೆಲುವನಾರಾಯಣನ ಮುಡಿಯನ್ನೇರುವಾಗಲೇ ಅದರ ದರ್ಶನ. ನಮ್ಮ ರಕ್ತದಲ್ಲಿಯೂ ಹೀಗೆ ಮುಚ್ಚಿಕೊಂಡೇ ಸಂಚರಿಸಿ, ಎಡೆಯರಿತು ತೆರೆದುಕೊಳ್ಳುವ ವಸ್ತುಗಳಿವೆ. ವೈದ್ಯರು ಅವನ್ನು ಕಾಂಪ್ಲಿಮೆಂಟ್ ಎನ್ನುವರು. ನಾವು ಪೂರಕವೆಂದು ಕರೆಯೋಣ.

ಇವುಗಳ ಗುಟ್ಟು ಬಯಲಾದುದು, ಜಾತ್ರೆಗಳಿಗೆ ಹಿಂದೆ ಮಾರಿಯಾಗಿದ್ದ ಕಾಲರಾದ ದೆಸೆಯಿಂದ. 1895ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಝೂಲ್ ಬೋರ್ದೆ ಎಂಬ ತರುಣನು, ಕಾಲರಾ ಕ್ರಿಮಿಗೆ ಒಗ್ಗಿಸಿದ ಪ್ರಾಣಿಯ ರಕ್ತದ ತಿಳಿಯನ್ನು ಸುಮಾರು 55 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದನು. ಅದು ಕ್ರಿಮಿಯನ್ನು ಕೊಲ್ಲಲಾರದೆ ಹೋಯಿತು. ಆ ರೋಗವನ್ನೇ ಕಾಣದ ಪ್ರಾಣಿಯ ಹಸಿ ತಿಳಿಯನ್ನು ತುಸು ಬೆರೆಸಲು, ಹೋದ ಶಕ್ತಿ ಮರಳಿತು! ಕಾವನ್ನು ತಾಳುವ ಪ್ರತಿಕಾಯವು ಕ್ರಿಮಿಯನ್ನು ಗುರುತಿಸುವುದು. ಕಾವಿಗೆ ಕೆಡುವ ಪೂರಕವು ಅದನ್ನು ಕೊಲ್ಲುವುದು. ಬೋರ್ದೆಗೆ 1919ರ ನೊಬೆಲ್ ಬಹುಮಾನ ಸಂದಿತು. ಪೂರಕವೆಂಬ ಹೆಸರು ಎರ್ಲಿಕ್ ಪಂಡಿತನದು. ಮುಖ್ಯ ಕೆಲಸವನ್ನು ಮಾಡುವವನನ್ನು ಸಹಾಯಕನೆಂದಂತಾಯಿತಷ್ಟೆ.

ಪೂರಕವು ಒಂದು ವಸ್ತುವಲ್ಲ. ಮೂವತ್ತಕ್ಕೂ ಮಿಕ್ಕ ಪ್ರೋಟೀನುಗಳ ಬಳಗ. ಹೆಚ್ಚಿನವು ಯಕೃತ್ತಿನಲ್ಲಿ ಹುಟ್ಟುವುವು. ಇವುಗಳಲ್ಲಿ ಸಿ3 ಎಂಬುದು ಸೀಳಿದಾಗ, ಅದರ ತುಂಡು ಕ್ರಿಮಿಯ ಮೈಗಂಟಿ, ಕ್ರಿಮಿಗಳನ್ನು ನುಂಗುವ ಬಿಳಿಯ ಕಣಗಳಿಗೆ ಗುರುತಾಗುವುದು. ಬಳಿಕ ಸಿ5 ಸೀಳಿ, ಸಿ9ರವರೆಗಿನವು ಒಂದುಗೂಡಿ ಕ್ರಿಮಿಯ ಪೊರೆಯಲ್ಲಿ ರಂಧ್ರವನ್ನು ಕೊರೆಯುವುವು. ಈ ಕಡೆಯವುಗಳ ಕೊರತೆಯಿಂದ ಹುಟ್ಟಿದವರಿಗೆ ಮೆನಿಂಗೊಕಾಕಸ್ ಎಂಬ ಕ್ರಿಮಿಯಿಂದ ಮಿದುಳುಪೊರೆಯ ಉರಿಯೂತ ಮರಳಿ ಮರಳಿ ಬರಬಹುದು.

ಆದರೆ ಸಿ3ರ ಪೆಟ್ಟಿಗೆ ಪೂರ್ಣ ಭದ್ರವಾದುದಲ್ಲ. ಶತ್ರುವಿಲ್ಲದಾಗಲೂ ತುಸುತುಸುವೇ ತೆರೆದುಕೊಳ್ಳುತ್ತಿರುವುದು. ಆದುದರಿಂದ ನಮ್ಮ ಕಣಗಳು ತಮ್ಮ ಮೈಮೇಲೆ ಕಾಪನ್ನು ಧರಿಸಿವೆ. ಕೆಲವರ ಎಲುಬಿನ ಮಜ್ಜೆಯಲ್ಲಿ ಈ ಕಾಪಿಲ್ಲದ ಕೆಂಪು ಕಣಗಳು ಹುಟ್ಟುವುವು. ಪೂರಕವು ಅವನ್ನು ಪರಕೀಯವೆಂಬಂತೆ ಒಡೆಯುವುದು. ಬೆಳಗಿನ ಮೂತ್ರ ಕಪ್ಪಿಡುವುದು, ರಕ್ತ ಅಲ್ಲಲ್ಲಿ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬರುವುದು. 2007ರಲ್ಲಿ ಎಕ್ಯುಲಿಜುಮ್ಯಾಬ್ ಎಂಬ ಔಷಧಕ್ಕೆ ಮನ್ನಣೆ ದೊರೆಯಿತು. ಅದು ಸಿ5 ಸೀಳದಂತೆ ಹಿಡಿದು ಈ ಕಣಗಳನ್ನು ಉಳಿಸುವುದು. ಅದೇ ಕಾರಣದಿಂದ ಮೆನಿಂಗೊಕಾಕಸ್ಸಿಗೆ ಬಾಗಿಲು ತೆರೆದಂತಾಗುವುದು. ರೋಗಿಯ ಸ್ಥಿತಿ ತಡೆಯುವಂತಿದ್ದರೆ, ಔಷಧಕ್ಕೆ ಎರಡು ವಾರ ಮೊದಲೇ ಆ ಕ್ರಿಮಿಯ ಲಸಿಕೆಯನ್ನು ಹಾಕಿಸುವರು.