ಬೀಡಿ-ಸಿಗರೇಟಿನ ಚಟ ರಕ್ತದಲ್ಲೇ ಇರುತ್ತದೆಯೇ?



"ನಮ್ಮಜ್ಜ ಸೇದತಿದ್ದ, ನಮ್ಮಪ್ಪ ಸೇದತಿದ್ದ, ಇದು ನಮ್ಮ ರಕ್ತದಾಗ ಐತ್ರಿ ಸಿಸ್ಟರ್" ಎಂಬ ಮಾತನ್ನು ವಾರ್ಡಿನಲ್ಲಿ ಆಗಾಗ ಕೇಳುತ್ತೇವೆ. ಇದರಲ್ಲಿ ನಿಜ ಎಷ್ಟು, ನೆಪ ಎಷ್ಟು ಎಂಬುದನ್ನು ಇಂದು ತಿಳಿದುಕೊಳ್ಳೋಣ.

ಸ್ವಲ್ಪ ನಿಜವಿದೆ. ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪಿ ಹಿತವೆನಿಸುತ್ತದೆ. ನಂತರ ನಮ್ಮ ಲಿವರ್‌ನಲ್ಲಿರುವ ಸಿವೈಪಿ2ಎ6 ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. ಈ ಕಿಣ್ವ ಚುರುಕಾಗಿದ್ದವರಲ್ಲಿ ನಿಕೋಟಿನ್ ಬೇಗ ಇಳಿದು, ಬೇಗನೆ ಇನ್ನೊಂದು ಸೇದಬೇಕೆನಿಸುತ್ತದೆ. ನಿಧಾನವಾಗಿದ್ದವರು ಸಾಮಾನ್ಯವಾಗಿ ಕಡಿಮೆ ಸೇದುತ್ತಾರೆ. ಚುರುಕೋ ನಿಧಾನವೋ ಎಂಬುದನ್ನು ಬಹುಮಟ್ಟಿಗೆ ತಂದೆತಾಯಿಯಿಂದ ಬಂದ ವಂಶವಾಹಿ, ಅಂದರೆ ಜೀನ್, ನಿರ್ಧರಿಸುತ್ತದೆ.

ಇದು ಜನಾಂಗದಿಂದ ಜನಾಂಗಕ್ಕೆ ಬೇರೆ ಬೇರೆ. ಜಪಾನ್, ಚೀನಾ, ಕೊರಿಯಾ ದೇಶದವರಲ್ಲಿ ನಿಧಾನದ ಜೀನ್ ಹೆಚ್ಚು, ಯುರೋಪಿನವರಲ್ಲಿ ಕಡಿಮೆ. ಮೆದುಳು ನಿಕೋಟಿನ್‌ಗೆ ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ಸಂಬಂಧಿಸಿದ ಇನ್ನೊಂದು ಜೀನ್ 15ನೆಯ ವರ್ಣತಂತುವಿನಲ್ಲಿದೆ. ಹೆಚ್ಚು ಸೇದುವಂತೆ ಮಾಡುವ ಅದರ ಒಂದು ರೂಪ ಯುರೋಪಿನವರಲ್ಲಿ ಸಾಮಾನ್ಯ, ಪೂರ್ವ ಏಷ್ಯಾ ಮತ್ತು ಆಫ್ರಿಕಾದವರಲ್ಲಿ ಅಪರೂಪ. ನಮ್ಮ ದಕ್ಷಿಣ ಏಷ್ಯಾದವರಲ್ಲಿ ಇವೆರಡರ ನಡುವಿನ ಪ್ರಮಾಣದಲ್ಲಿದೆ.

ಹಾಗಾದರೆ ಕಡಿಮೆ ಸೇದುವವರು ಕ್ಷೇಮವೇ? ಅಲ್ಲ. ಅಮೆರಿಕದಲ್ಲಿ ಆಫ್ರಿಕಾ ಮೂಲದವರು ಬಿಳಿಯರಿಗಿಂತ ಸರಾಸರಿ ಕಡಿಮೆ ಸಿಗರೇಟು ಸೇದುತ್ತಾರೆ. ಆದರೂ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದಿನಕ್ಕೆ 30ರವರೆಗೆ ಸೇದುವವರಲ್ಲಿ, ಅಷ್ಟೇ ಸಂಖ್ಯೆ ಸೇದಿದ ಬಿಳಿಯರಿಗಿಂತ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು. ಆದ್ದರಿಂದ "ನಾನು ದಿನಕ್ಕೆ ನಾಲ್ಕೇ ಬೀಡಿ" ಎಂದು ಸಮಾಧಾನಪಟ್ಟುಕೊಳ್ಳಬೇಡಿ.

ಈಗ ನೆಪದ ವಿಷಯ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ ವಯಸ್ಕರ ಪೈಕಿ ನೂರಕ್ಕೆ 19 ಗಂಡಸರು ಧೂಮಪಾನಿಗಳಾಗಿದ್ದರು. ಹೆಂಗಸರು ಕೇವಲ 2. ಅಣ್ಣನಿಗೂ ತಂಗಿಗೂ ಜೀನ್ ಬಂದಿರುವುದು ಅದೇ ತಂದೆತಾಯಿಯಿಂದಲ್ಲವೇ? ಅಣ್ಣನ ಕೈಗೆ ಬೀಡಿ ಕೊಟ್ಟದ್ದು ಗೆಳೆಯರು, ಅಂಗಡಿ ಕಟ್ಟೆ, ಗಂಡಸರು ಸೇದಿದರೆ ತಪ್ಪಿಲ್ಲವೆನ್ನುವ ಸಮಾಜ. ಜೀನ್ ಎಂಬುದು ಒಣಗಿದ ಸೌದೆ ಇದ್ದಂತೆ. ಕಡ್ಡಿ ಗೀರದೆ ಅದು ತಾನಾಗಿ ಹೊತ್ತಿಕೊಳ್ಳುವುದಿಲ್ಲ.

ಬಂಧುಗಳಲ್ಲಿ ಒಂದು ವಿನಂತಿ. ಬಿಡಲಾರದೆ ಒದ್ದಾಡುವವರನ್ನು "ಮನಸ್ಸು ಗಟ್ಟಿಯಿಲ್ಲ" ಎಂದು ಹೀಯಾಳಿಸಬೇಡಿ. ಕೆಲವರಿಗೆ ಬಿಡುವುದು ನಿಜವಾಗಿಯೂ ಹೆಚ್ಚು ಕಷ್ಟ. ಮನೆಯಲ್ಲಿ ಬೀಡಿ, ಬೆಂಕಿಪೊಟ್ಟಣ ಕೈಗೆ ಸಿಗದಂತೆ ನೋಡಿಕೊಳ್ಳಿ. ಮಕ್ಕಳನ್ನು ಬೀಡಿ ತರಲು ಅಂಗಡಿಗೆ ಕಳಿಸಲೇಬೇಡಿ. ಸೇದುವವರ ಮನೆಯ ಮಕ್ಕಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ರೋಗಿಗಳು ತಮ್ಮ ಚಟವನ್ನು ವೈದ್ಯರಿಂದ ಮುಚ್ಚಿಡಬಾರದು. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕೆನಿಸಿದರೆ ಅದನ್ನೂ ಹೇಳಿ. ಅಂಥವರಿಗೆ ನಿಕೋಟಿನ್ ಚ್ಯೂಯಿಂಗ್ ಗಮ್, ಪಟ್ಟಿ, ಮಾತ್ರೆಗಳಿವೆ. ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು. ಸೇದಬೇಕೆಂಬ ಸೆಳೆತ ಬಂದಾಗ ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಕೆಲವು ನಿಮಿಷಗಳಲ್ಲಿ ಅದು ಇಳಿಯುತ್ತದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೂ ಕರೆ ಮಾಡಬಹುದು.

ಬಿಟ್ಟ 20 ನಿಮಿಷಕ್ಕೇ ನಾಡಿಬಡಿತ ಇಳಿಯತೊಡಗುತ್ತದೆ. ಒಂದು ವರ್ಷ ಕಳೆದರೆ, ಸೇದುವುದರಿಂದ ಬಂದಿದ್ದ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಈ ಲಾಭಕ್ಕೆ ಯಾವ ವಂಶದವರೂ ಹೊರತಲ್ಲ. ಆಸ್ಪತ್ರೆಯಲ್ಲಿರುವಷ್ಟು ದಿನ ಹೇಗೂ ಸೇದುವಂತಿಲ್ಲ. ಮನೆಗೆ ಹೋದ ಮೇಲೂ ಅದನ್ನೇ ಮುಂದುವರಿಸಿ. ಸಂದೇಹವಿದ್ದರೆ ಈಗಲೇ ಕೇಳಬಹುದು.