ವಿದ್ಯುತ್ ಬಂಡಿಗೆ ದಾರಿಬುತ್ತಿ



ಹಳೆಯ ಕಾರಿನ ಎಂಜಿನನ್ನು ತೆಗೆದು ಮೋಟಾರು, ಬ್ಯಾಟರಿಗಳನ್ನು ಅಳವಡಿಸುವ ಪದ್ಧತಿ ಈಗ ಬಂದಿದೆ. ಅಂತಹ ಕಾರಿನಲ್ಲಿ ಗೋವೆಯಿಂದ ಬೆಳಗಾವಿಯ ನೆಂಟರ ಮನೆಗೆ ಹೊರಟರೆ, ಚೋರ್ಲಾ ಘಾಟದ ನಡುವೆ ಬ್ಯಾಟರಿ ಬರಿದಾದೀತೆಂಬ ಅಂಜಿಕೆ ನಮ್ಮಂಥವರಿಗೆ ಸಹಜವೇ. ಜನರೇಟರೊಂದನ್ನು ಜೊತೆಗೆ ಹೊತ್ತೊಯ್ದರಾಗದೇ?

ಈ ಯುಕ್ತಿ ಹೊಸತಲ್ಲ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವು 2022ರಲ್ಲಿ ವಿದ್ಯುದೀಕರಣಗೊಂಡಿತು. ಅದಕ್ಕೆ ಮುನ್ನ ಅಲ್ಲಿ ಗಾಡಿಗಳನ್ನೆಳೆದ ಡೀಸೆಲ್ ಎಂಜಿನುಗಳಲ್ಲಿಯೂ ಚಕ್ರ ತಿರುಗಿಸಿದುದು ವಿದ್ಯುತ್ ಮೋಟಾರೇ. ಡೀಸೆಲಿನ ಕೆಲಸ ಜನರೇಟರನ್ನು ತಿರುಗಿಸುವುದಷ್ಟೆ.

ಆದರೆ ಲೆಕ್ಕವನ್ನು ಮರೆಯಲಾಗದು. ಸಣ್ಣ ಕಾರಿಗೆ ಕಿಲೋಮೀಟರಿಗೆ 150 ವಾಟ್-ಗಂಟೆ ಬೇಕೆನ್ನೋಣ. 2 ಕಿಲೋವಾಟ್ ಜನರೇಟರು ಒಂದು ಗಂಟೆ ದುಡಿದರೆ ದೊರೆಯುವುದು ಸುಮಾರು 13 ಕಿಲೋಮೀಟರಿನ ಬುತ್ತಿ. ಏರನ್ನು ಹತ್ತಿಸುವುದು ಬ್ಯಾಟರಿಯೇ. ಜನರೇಟರು ಹನಿಹನಿಯಾಗಿ ತುಂಬುವ ಒರತೆ. ಆದುದರಿಂದ ಘಾಟದ ಬುಡ ಸೇರುವುದಕ್ಕೆ ಬಹು ಮುನ್ನವೇ ಅದನ್ನು ಚಾಲೂ ಮಾಡಬೇಕಾಗುವುದು.

ಅದನ್ನು ಡಿಕ್ಕಿಯೊಳಗೆ ಓಡಿಸಿದರಂತೂ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮೊನಾಕ್ಸೈಡು ಒಳಗೆ ಕುಳಿತ ಮಕ್ಕಳುಮರಿಗಳ ಪ್ರಾಣಕ್ಕೆ ಎರವಾದೀತು. ಮನಬಂದಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾನೂನೂ ಒಪ್ಪದು.

ವರುಷಕ್ಕೆರಡು ಬಾರಿಯ ಪಯಣಕ್ಕಾಗಿ ಆ ಭಾರವನ್ನು ದಿನವೂ ಹೊರುವುದಕ್ಕಿಂತ, ದಾರಿಯಲ್ಲಿ ಚಾರ್ಜು ಮಾಡುವ ತಾಣಗಳನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸೆಂದು ನಮಗೆ ತೋರುತ್ತದೆ.