ದುಡಿಯುವ ರಜೆ: ಊರು ಆರಿಸುವ ಮುನ್ನ

(ಸಂಸ್ಥೆಯ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೊರದೇಶದ ದುಡಿಮೆ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಗಲ್ಫ್. ದಮ್ಮಾಮ್, ಜಿದ್ದಾ, ದುಬೈ, ಮಸ್ಕತ್ ಎಂಬ ಹೆಸರುಗಳನ್ನು ಊರು ಬಿಟ್ಟು ಕದಲದ ಅಜ್ಜಿಯರೂ ಬಲ್ಲರು. ಅಲ್ಲಿಗೆ ಹೊರಟವನಿಗೆ ಎಲ್ಲಿರಬೇಕು ಎಂಬ ಚಿಂತೆ ಇರಲಿಲ್ಲ. ಕಫೀಲ್ ಹೇಳಿದಲ್ಲಿ ಕೆಲಸ, ಕಂಪನಿ ಕೊಟ್ಟ ಕೋಣೆಯಲ್ಲಿ ಹಾಸಿಗೆ. ಆದ್ದರಿಂದ ಪರದೇಶದಲ್ಲಿ ಊರನ್ನು ಆರಿಸಿಕೊಳ್ಳುವ ಅಭ್ಯಾಸವೇ ನಮಗಿಲ್ಲ. ಈಗ ಅದು ಬೇಕಾಗಿದೆ.

ಆಸ್ಟ್ರೇಲಿಯಾ ದೇಶವು 2024ರಲ್ಲಿ ತನ್ನ 'ವರ್ಕ್ ಅಂಡ್ ಹಾಲಿಡೇ' ವೀಸಾವನ್ನು (462ನೇ ವರ್ಗ) ಭಾರತೀಯರಿಗೂ ತೆರೆಯಿತು. ವರ್ಷಕ್ಕೆ 1000 ಮಂದಿಗೆ ಅವಕಾಶ. ವಯಸ್ಸು 18ರಿಂದ 30. ಪಿ.ಯು.ಸಿ. ನಂತರ ಕನಿಷ್ಠ ಎರಡು ವರ್ಷದ ಓದು, ಸಾಮಾನ್ಯ ಮಟ್ಟದ ಇಂಗ್ಲಿಷ್, ಖರ್ಚಿಗೆ ಸುಮಾರು 5000 ಡಾಲರ್ ತೋರಿಸಬೇಕು. ಆಯ್ಕೆ ಕಂಪ್ಯೂಟರ್ ಲಾಟರಿಯಿಂದ. ಲಾಟರಿಗೆ ಹೆಸರು ಕೊಡಲು ನಿಗದಿಯಾದ ಶುಲ್ಕ 25 ಡಾಲರ್ ಮಾತ್ರ. ಹೆಸರು ಬಂದವರು ವೀಸಾ ಶುಲ್ಕವನ್ನು ಬೇರೆ ಕಟ್ಟಬೇಕು. ಹೆಸರು ಬರುವಂತೆ ಮಾಡಿಸಿಕೊಡುತ್ತೇನೆ ಎಂದು ಲಕ್ಷ ರೂಪಾಯಿ ಕೇಳುವ ಏಜೆಂಟನನ್ನು ಚಹಾ ಕುಡಿಸಿ ಕಳಿಸಿಬಿಡಿ.

ಈ ವೀಸಾದಲ್ಲಿ ಕಫೀಲ್ ಇಲ್ಲ. ಹನ್ನೆರಡು ತಿಂಗಳು ಯಾವ ಊರಿನಲ್ಲಾದರೂ ಇರಬಹುದು, ಕೆಲಸ ಬಿಟ್ಟು ಬೇರೆ ಕಡೆ ಸೇರಬಹುದು. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ, ನಾಲ್ಕು ತಿಂಗಳಿಗಿಂತ ಹೆಚ್ಚು ಓದುವಂತಿಲ್ಲ. ಎರಡನೆಯ ವರ್ಷವೂ ಇರಬೇಕೆಂದರೆ ಮೊದಲ ವರ್ಷದಲ್ಲೇ ನಿಗದಿತ ಪ್ರದೇಶಗಳಲ್ಲಿ ತೋಟದ ಕೆಲಸ ಮುಂತಾದ ನಿಗದಿತ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಯಾವ ಪ್ರದೇಶ ಎಂಬುದು ಪಿನ್‌ಕೋಡ್‌ನಿಂದ ತೀರ್ಮಾನವಾಗುತ್ತದೆ. ರಸ್ತೆಯ ಈಚೆಗಿನ ತೋಟ ಲೆಕ್ಕಕ್ಕೆ ಬಂದು ಆಚೆಗಿನದು ಬಾರದೆ ಹೋಗಬಹುದು.

ಮನೆಯವರು ಮೊದಲು ಹೇಳುವ ಮಾತು ನನಗೆ ಗೊತ್ತು: "ಸಿಡ್ನಿಯಲ್ಲಿ ಖಾಲಾ ಮಗ ಇದ್ದಾನಲ್ಲ, ಅಲ್ಲಿಗೇ ಹೋಗು." ಸಿಡ್ನಿಯ ಲಕೆಂಬಾ ಬಡಾವಣೆಯಲ್ಲಿ ದೊಡ್ಡ ಮಸೀದಿ ಇದೆ, ಹಲಾಲ್ ಅಂಗಡಿಗಳ ಸಾಲೇ ಇದೆ, ರಮಜಾನ್ ರಾತ್ರಿಗಳಲ್ಲಿ ಹಾಲ್ಡನ್ ಬೀದಿ ನಮ್ಮ ಶಿವಾಜಿನಗರದಂತೆ ತುಂಬಿರುತ್ತದೆ. ಮೊದಲ ವಾರಕ್ಕೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಆದರೆ ಅದೇ ನೆಮ್ಮದಿಯನ್ನು ನೆಚ್ಚಿ ಬಂದ ನೂರಾರು ಹುಡುಗರು ಅದೇ ಅಂಗಡಿಗಳ ಕೆಲಸ ಕೇಳುತ್ತಾರೆ. "ನಮ್ಮವರು" ಎಂಬ ಸಲುಗೆಯಲ್ಲಿ ಕಡಿಮೆ ಸಂಬಳವನ್ನು ಕೈಗೆ ಎಣಿಸಿ ಕೊಡುವ ಅಂಗಡಿಗಳೂ ಇರುತ್ತವೆ. 2025ರ ಜುಲೈಯಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಎಂದು ನಿಗದಿಯಾಯಿತು. ಕಾಯಂ ಅಲ್ಲದವರಿಗೆ ಅದರ ಮೇಲೆ ಶೇ. 25 ಹೆಚ್ಚು. ಪ್ರತಿ ವರ್ಷ ಈ ದರ ಬದಲಾಗುತ್ತದೆ. ಸಂಬಳವಾದ ಒಂದು ಕೆಲಸದ ದಿನದೊಳಗೆ ವೇತನ ಚೀಟಿ ಕೊಡಬೇಕೆಂಬುದು ಕಾನೂನು. ಚೀಟಿ ಇಲ್ಲದ ದುಡಿಮೆಗೆ ಎರಡನೇ ವರ್ಷದ ಅರ್ಜಿಯಲ್ಲಿ ಸಾಕ್ಷಿ ಎಲ್ಲಿಂದ ತರುತ್ತೀರಿ? ಸಲಾಂ ಹೇಳಿದವನೆಲ್ಲ ನ್ಯಾಯವಂತನೆಂದು ತಿಳಿಯಬೇಡಿ.

ಹಾಗಾದರೆ ಹಳ್ಳಿ ಕಡೆ ಹೋದರೆ ಮಸೀದಿ ಎಲ್ಲಿ, ಜುಮಾ ಎಲ್ಲಿ ಎಂದು ಕೇಳುತ್ತೀರಿ. ಇಲ್ಲಿ ಇತಿಹಾಸ ನಮಗೆ ಸಹಾಯ ಮಾಡುತ್ತದೆ. ವಿಕ್ಟೋರಿಯಾ ರಾಜ್ಯದ ಶೆಪ್ಪರ್ಟನ್ ಹಣ್ಣಿನ ತೋಟಗಳ ಊರು. 1920ರ ದಶಕದಿಂದ ಅಲ್ಬೇನಿಯಾದ ಮುಸ್ಲಿಮರು ಅಲ್ಲಿಗೆ ಕೂಲಿಗಾಗಿ ಬಂದು ನೆಲೆಸಿದರು. ಅವರು 1960ರಲ್ಲಿ ಪೂರ್ಣಗೊಳಿಸಿದ ಮಸೀದಿ ಆ ರಾಜ್ಯದಲ್ಲೇ ಮೊದಲನೆಯದು. ಮೆಲ್ಬರ್ನ್‌ನಿಂದ ಅಲ್ಲಿಗೆ ರೈಲಿದೆ. ಉತ್ತರದ ಕ್ವೀನ್ಸ್‌ಲ್ಯಾಂಡ್‌ನ ಮರೀಬಾ ಊರಿನಲ್ಲೂ ತಂಬಾಕು ಬೆಳೆಯಲು ಬಂದ ಅಲ್ಬೇನಿಯನ್ನರು ಕಟ್ಟಿದ ಮಸೀದಿ ಇದೆ. ಈಗ ಅಲ್ಲಿ ಮಾವು, ಬೆಣ್ಣೆಹಣ್ಣು, ಬಾಳೆ. ನಮ್ಮಂತೆಯೇ ದುಡಿಯಲು ಬಂದವರು ನಮಗಾಗಿ ಜಾಗ ಮಾಡಿಟ್ಟು ಹೋಗಿದ್ದಾರೆ.

ಆದರೆ ಮಸೀದಿ ಇದೆ ಎಂದ ಮಾತ್ರಕ್ಕೆ ಕೆಲಸ ಇರುವುದಿಲ್ಲ. ಬೆಳೆಯ ಕ್ಯಾಲೆಂಡರ್ ನೋಡಬೇಕು. ಅಲ್ಲಿ ಋತುಗಳು ತಿರುಗಾಮುರುಗಾ. ಶೆಪ್ಪರ್ಟನ್‌ನ ಪೇರ್ ಹಣ್ಣಿನ ಕೊಯ್ಲು ಜನವರಿಯಿಂದ ಏಪ್ರಿಲ್ ವರೆಗೆ. ಜೂನ್‌ನಲ್ಲಿ ಹೋಗಿ ನಿಂತರೆ ಚಳಿಗೆ ನಡುಗುತ್ತ ಉಳಿತಾಯ ತಿನ್ನಬೇಕಾದೀತು. ಮರೀಬಾದ ಮಾವು ವರ್ಷದ ಕೊನೆಗೆ, ಮಳೆಗಾಲ ಶುರುವಾಗುವ ಹೊತ್ತಿಗೆ. ನಮ್ಮ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2026 ಮತ್ತು 2027ರ ರಮಜಾನ್ ಫೆಬ್ರವರಿ-ಮಾರ್ಚ್ ತಿಂಗಳ ಲೆಕ್ಕಕ್ಕೆ ಬರುತ್ತದೆ. ಶೆಪ್ಪರ್ಟನ್‌ನಲ್ಲಿ ಅದು ಬೇಸಿಗೆಯ ಕೊನೆ, ಕೊಯ್ಲಿನ ನಡುಮಧ್ಯ; ಉಪವಾಸ 14 ಗಂಟೆಗೂ ಮಿಕ್ಕು. ಬಿಸಿಲಲ್ಲಿ ಏಣಿ ಹತ್ತುವ ಬದಲು ಪ್ಯಾಕಿಂಗ್ ಶೆಡ್ಡಿನ ಕೆಲಸ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಜಾಣತನ.

ವಸತಿಯ ವಿಷಯದಲ್ಲಿ ಒಂದು ತಮಾಷೆ. ಅಲ್ಲಿನ ಸಣ್ಣ ಊರುಗಳಲ್ಲಿ 'ಹೋಟೆಲ್' ಎಂಬ ಫಲಕ ಕಂಡರೆ ಅದು ನಮ್ಮ ದೋಸೆ ಹೋಟೆಲ್ ಅಲ್ಲ, ಹೆಚ್ಚಾಗಿ ಶರಾಬಿನ ಪಬ್. ಮೇಲ್ಮಹಡಿಯಲ್ಲಿ ಬಾಡಿಗೆ ಕೋಣೆಗಳೂ ಇರುತ್ತವೆ, ಕೆಲವೆಡೆ ಬೇರೆ ವಸತಿಯೇ ಇರುವುದಿಲ್ಲ. ಕೆಲಸವೂ ಸುಲಭವಾಗಿ ಸಿಗುವುದು ಅಂಥಲ್ಲೇ. ಮದ್ಯ ಬಡಿಸುವ ಕೆಲಸ ಬೇಡವೆಂದರೆ ಹೋಟೆಲ್ ಉದ್ಯಮದಲ್ಲಿ ನಿಮ್ಮ ಅವಕಾಶ ಕಿರಿದಾಗುತ್ತದೆ. ದ್ರಾಕ್ಷಿ ತೋಟದ ಹಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ಇದನ್ನು ವಿಮಾನ ಹತ್ತುವ ಮುನ್ನ ತೀರ್ಮಾನಿಸಿ. ಅಲ್ಲಿ ಕೈ ಖಾಲಿಯಾದಾಗ ತೀರ್ಮಾನಿಸುವುದು ಬೇರೆಯೇ ಮಾತು.

ಕೆಲಸ, ಕೋಣೆ, ತೋಟಕ್ಕೆ ಹೋಗುವ ವ್ಯಾನು ಮೂರನ್ನೂ ಒಬ್ಬನೇ ಗುತ್ತಿಗೆದಾರ ಕೊಡುತ್ತೇನೆಂದರೆ ಎಚ್ಚರವಾಗಿರಿ. ಅದು ಗಲ್ಫಿನ ಕಫೀಲನೇ ಬೇರೆ ವೇಷದಲ್ಲಿ ಬಂದಂತೆ. ಬಾಡಿಗೆ, ವ್ಯಾನಿನ ಖರ್ಚು ಮುರಿದುಕೊಂಡ ಮೇಲೆ ಕೈಗೆ ಉಳಿಯುವುದೆಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಕ್ವೀನ್ಸ್‌ಲ್ಯಾಂಡ್, ವಿಕ್ಟೋರಿಯಾಗಳಲ್ಲಿ ಆಳು ಒದಗಿಸುವ ಗುತ್ತಿಗೆದಾರರಿಗೆ ಸರ್ಕಾರಿ ಪರವಾನಗಿ ಕಡ್ಡಾಯ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಯಾರಾದರೂ ನೋಡಬಹುದು. ಬುಟ್ಟಿ ಲೆಕ್ಕದ ಕೂಲಿಗೂ 2022ರ ಏಪ್ರಿಲ್‌ನಿಂದ ಗಂಟೆಯ ಕನಿಷ್ಠ ಕೂಲಿಯ ರಕ್ಷಣೆ ಇದೆ. ಮೋಸವಾದರೆ 'ಫೇರ್ ವರ್ಕ್ ಆಂಬುಡ್ಸ್‌ಮನ್' ಎಂಬ ಸರ್ಕಾರಿ ಕಚೇರಿ ಇದೆ. ಇಂಗ್ಲಿಷ್ ತಡವರಿಸಿದರೆ 131450 ಸಂಖ್ಯೆಗೆ ಕರೆ ಮಾಡಿ ಉರ್ದು ದುಭಾಷಿಯನ್ನು ಕೇಳಬಹುದು. ನಮ್ಮ ಉರ್ದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ ಎಂಬುದು ಉರ್ದು ಮೇಷ್ಟರಾದ ನನಗೆ ಸಣ್ಣ ಸಂತೋಷ.

ಹೆಣ್ಣುಮಕ್ಕಳಿಗೆ ಈ ವೀಸಾ ಬೇಡ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳಿಗೇ ಪ್ರತ್ಯೇಕ ಕೋಣೆ ಇದೆಯೇ, ಬಾಗಿಲಿಗೆ ಒಳಗಿನಿಂದ ಬೀಗವಿದೆಯೇ, ಕೆಲಸ ಮುಗಿದ ಮೇಲೆ ಬಸ್ಸಿದೆಯೇ ಎಂದು ವಿಚಾರಿಸಿ, ಗೆಳತಿಯೊಬ್ಬಳೊಡನೆ ಹೋಗುವ ಹುಡುಗಿ, ಏನೂ ಕೇಳದೆ ಹೊರಟ ಹುಡುಗನಿಗಿಂತ ಸುರಕ್ಷಿತಳು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗಳಿಕೆಯ ಮೊದಲ 45,000 ಡಾಲರ್ ವರೆಗೆ ಶೇ. 15 ತೆರಿಗೆ. ಮಾಲೀಕ ನಿಮ್ಮ ಹೆಸರಲ್ಲಿ ಕಟ್ಟುವ ನಿವೃತ್ತಿ ನಿಧಿಯನ್ನು ಹಿಂದಿರುಗುವಾಗ ಪಡೆಯಬಹುದು, ಆದರೆ ಅದರಲ್ಲಿ ಶೇ. 65 ತೆರಿಗೆಗೇ ಹೋಗುತ್ತದೆ. ಇದು ಒಂದೆರಡು ವರ್ಷದ ವೀಸಾ. ತಂಗಿಯ ಮದುವೆಗಾಗಲಿ, ಮನೆ ಕಟ್ಟಲಾಗಲಿ ಗಳಿಸಿ ತರುವ ವೀಸಾ ಅಲ್ಲ. ಅಮ್ಮನ ಒಡವೆ ಅಡವಿಟ್ಟು ಹೋಗಬೇಕಾದರೆ ಹೋಗಬೇಡಿ.

ಲಾಟರಿಯಲ್ಲಿ ಹೆಸರು ಬಂದವರು ಟಿಕೆಟ್ ತೆಗೆಯುವ ಮೊದಲು ಭೂಪಟ, ಬೆಳೆಯ ಕ್ಯಾಲೆಂಡರ್, ಪಿನ್‌ಕೋಡ್ ಪಟ್ಟಿ ಹಿಡಿದು ನಮ್ಮ ಶಾಲೆಗೆ ಬನ್ನಿ. ಶನಿವಾರ ಮಧ್ಯಾಹ್ನ ನಾನು ಅಲ್ಲೇ ಇರುತ್ತೇನೆ. ತಂದೆ-ತಾಯಿಯರನ್ನೂ ಕರೆತನ್ನಿ, ಪ್ರಶ್ನೆಗಳು ಅವರಲ್ಲೇ ಹೆಚ್ಚಿರುತ್ತವೆ.

ವಸ್ಸಲಾಂ.